ಬರೆದಿಟ್ಟ ಚೀಟಿ

ಇಬ್ರಾಹಿಂಪಟ್ನಂನ ಉಷ್ಣವಿದ್ಯುತ್ ಸ್ಥಾವರದ ನೆರೆಯಲ್ಲಿ ಗುಮಾಸ್ತಗಿರಿ ಮಾಡುತ್ತಿರುವ ನಾವು ಈಚೆಗೆ ಒಂದು ಪಾಠ ಕಲಿತೆವು. ಕಚೇರಿಯ ಹನ್ನೆರಡು ಕಂಪ್ಯೂಟರುಗಳನ್ನು ಜೋಡಿಸಿದ್ದ ಹುಡುಗನಿಗೆ ವರ್ಗವಾಯಿತು. ಯಾವುದರಲ್ಲಿ ಏನು ಮಾಡಿದ್ದನೆಂಬುದು ಅವನ ತಲೆಯಲ್ಲಿತ್ತೇ ಹೊರತು ಕಡತದಲ್ಲಿರಲಿಲ್ಲ. ಒಂದು ಕೆಟ್ಟಿತು, ಪಿಂಚಣಿಯ ಕಾಗದಗಳು ಎರಡು ದಿನ ನಿಂತವು, ಮುದುಕರು ಜಗಲಿಯಲ್ಲಿ ಕಾದರು.

ಹೊಸದಾಗಿ ಬಂದ ತರುಣ ಆನ್ಸಿಬಲ್ ಎಂಬ ಸಾಧನವನ್ನು ಹೂಡಿದ. ಅದನ್ನು 2012ರಲ್ಲಿ ಮೈಕೇಲ್ ಡಿಹಾನ್ ಹೊರತಂದರು. 1993ರಷ್ಟು ಹಿಂದೆಯೇ ಆಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಸಿಎಫ್‌ಎಂಜಿನ್ ರಚಿಸಿ ಈ ದಾರಿ ತೋರಿದ್ದರು. ಊರಿಗೆ ಹೊರಟ ಗೃಹಿಣಿ, "ಹಾಲು ಕಾಯ್ದಿರಬೇಕು, ಹಿತ್ತಲ ಬಾಗಿಲು ಹಾಕಿರಬೇಕು" ಎಂದು ಚೀಟಿ ಬರೆದಿಡುವುದಿಲ್ಲವೆ? ಇದೂ ಹಾಗೆಯೇ. ಮಾಡುವ ಬಗೆಯನ್ನಲ್ಲ, ಇರಬೇಕಾದ ಸ್ಥಿತಿಯನ್ನು ಬರೆಯುವುದು. "ಈ ಪ್ರಿಂಟರು ಇರಬೇಕು" ಎಂದರೆ, ಇದ್ದಲ್ಲಿ ಮುಟ್ಟದು, ಇಲ್ಲದಲ್ಲಿ ಕೂಡಿಸುವುದು. ಸರಿಯಾಗಿ ಬರೆದುದನ್ನು ಹತ್ತು ಸಲ ನಡೆಸಿದರೂ ಫಲ ಒಂದೇ.

ಆದರೆ ಚೀಟಿಯೇ ತಪ್ಪಾದರೆ ಹನ್ನೆರಡೂ ಒಟ್ಟಿಗೆ ಕೆಟ್ಟಾವು. ಆದುದರಿಂದ ಮೊದಲು ಒಂದರಲ್ಲಿ ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಅನ್ವಯಿಸುವುದು ಆತನ ಪದ್ಧತಿ.

ಈ ತರುಣನಿಗೂ ನಾಳೆ ವರ್ಗವಾದೀತು. ಚೀಟಿ ಮಾತ್ರ ಕಡತದಲ್ಲಿರುತ್ತದೆ, ಮುದುಕರು ಕಾಯಬೇಕಾಗಿಲ್ಲ.