ಗಾಜಿನ ಸೆರೆಮನೆ

ಶ್ರೀಲಂಕೆಯ ನೈರುತ್ಯದಲ್ಲಿ, ಕೆಲನಿ ನದಿಯಿಂದ ನಿಲ್ವಲಾ ನದಿಯವರೆಗಿನ ನೆರಳುಗವಿದ ತೊರೆಗಳಲ್ಲಿ, ಚೆರ್ರಿ ಬಾರ್ಬ್ ಎಂಬ ಪುಟ್ಟ ಮೀನಿದೆ. ಉದ್ದ ಸುಮಾರು 5 ಸೆಂ.ಮೀ. ಪಿ.ಇ.ಪಿ. ದೆರಣಿಯಗಲ ಅವರು 1929ರಲ್ಲಿ ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಆ ದ್ವೀಪವೇ ಅದರ ನಿಜನೆಲೆ. ಗಂಡುಮೀನಿನ ಕೆಂಪು ಬಣ್ಣವೇ ಅದಕ್ಕೆ ಮುಳುವಾಗಿ, ಅದು ಜಗತ್ತಿನ ಅಕ್ವೇರಿಯಂಗಳ ಸರಕಾಯಿತು.

‘ನಾವು ಮೀನನ್ನು ತಿನ್ನುವುದಿಲ್ಲ, ಸಾಕುತ್ತೇವೆ’ ಎಂಬ ಸಮಾಧಾನ ಶ್ರಾವಕರ ಮನೆಗಳಲ್ಲಿಯೂ ಕೇಳಿಬರುತ್ತದೆ. ಇದು ಟೊಳ್ಳು ಸಮಾಧಾನ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದು ಬಂಧವನ್ನೇ. ಹೊಡೆತ, ಅಂಗಚ್ಛೇದಗಳು ಅನಂತರದವು. ಗೋಡೆ ಗಾಜಿನದಾದ ಮಾತ್ರಕ್ಕೆ ಸೆರೆ ಸೆರೆಯಲ್ಲವೆ?

‘ಇವು ತೊರೆಯಿಂದ ಹಿಡಿದವಲ್ಲ, ತೊಟ್ಟಿಯಲ್ಲಿಯೇ ಹುಟ್ಟಿದವು’ ಎಂಬುದು ಇನ್ನೊಂದು ವಾದ. ನಿಜವಿರಬಹುದು. ಆದರೆ ಸೆರೆಯಲ್ಲಿ ಹುಟ್ಟಿದ ಜೀವಕ್ಕೆ ಸೆರೆಯು ಬಂಧನವಲ್ಲವೆಂದು ಯಾವ ನ್ಯಾಯ ಹೇಳುತ್ತದೆ?

ಪುಣ್ಯವೆಂದು ಭಾವಿಸಿ ಅವನ್ನು ನಮ್ಮ ಕೆರೆಗೆ ಬಿಡುವುದೂ ತಪ್ಪೇ. ಹೊರನಾಡಿನ ಮೀನು ಇಲ್ಲಿಯ ಮೀನುಗಳ ಆಹಾರಕ್ಕೆ ಪೈಪೋಟಿಯೊಡ್ಡಬಹುದು, ರೋಗವನ್ನೂ ತರಬಹುದು. ಆದುದರಿಂದ ಮನೆಯಲ್ಲಿರುವವನ್ನು ಕೊನೆಯವರೆಗೆ ಕರುಣೆಯಿಂದ ಪೋಷಿಸಿರಿ, ಹೊಸದಾಗಿ ಕೊಳ್ಳಬೇಡಿರಿ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಇಲ್ಲ, ಕೂಡಿಹಾಕುವವರೂ ಇಲ್ಲ.