ಮೈಕ್ರೋವೇವ್ ಒಲೆಯೂ ನಮ್ಮ ಮಕ್ಕಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಉದ್ಯೋಗದಲ್ಲಿದ್ದಾರೆ. ಅವರ ಮಕ್ಕಳು ಶಾಲೆ ಬಿಟ್ಟು ಮನೆ ಸೇರುವ ಹೊತ್ತಿಗೆ ಅಡಿಗೆಮನೆಯಲ್ಲಿ ತಾಯಿ ಇರುವುದಿಲ್ಲ. ಫ್ರಿಜ್ಜಿನಲ್ಲಿ ಅನ್ನ ಸಾರುಗಳೂ ಪಕ್ಕದಲ್ಲಿ ಮೈಕ್ರೋವೇವ್ ಒಲೆಯೂ ಇರುತ್ತವೆ. ಬೆಂಕಿಯಿಲ್ಲದ ಒಲೆಯಾದುದರಿಂದ ಮಕ್ಕಳ ಕೈಗೆ ಕೊಡಲು ಭಯವಿಲ್ಲವೆಂದು ಕೆಲವು ತಾಯಂದಿರು ಹೇಳುತ್ತಾರೆ. ಅದರ ಕಿರಣಗಳು ಅನ್ನವನ್ನೇ ಕೆಡಿಸುವುವೆಂದು ಹೆದರಿ ಬೇರೆ ಕೆಲವರು ಅದನ್ನು ಮನೆಗೇ ತಾರರು. ಈ ಎರಡು ಅಭಿಪ್ರಾಯಗಳನ್ನೂ ನಾವು ಒಪ್ಪಲಾರೆವು.

ಎರಡನೆಯವರ ಭಯಕ್ಕೆ ಆಧಾರವಿಲ್ಲ. ಈ ತರಂಗಗಳು ರೇಡಿಯೋ ತರಂಗಗಳ ಜಾತಿಯವು. ಅವು ಆಹಾರದಲ್ಲಿರುವ ನೀರಿನ ಕಣಗಳನ್ನು ಅಲುಗಿಸಿ ಬಿಸಿಯನ್ನೆಬ್ಬಿಸುವುವೇ ಹೊರತು ಒಲೆ ನಿಂತ ಮೇಲೆ ಅನ್ನದೊಳಗೆ ಉಳಿಯುವುದಿಲ್ಲ. 1945ರಲ್ಲಿ ಅಮೇರಿಕಾ ದೇಶದ ಪರ್ಸಿ ಸ್ಪೆನ್ಸರ್ ಎಂಬವರು ರೇಡಾರ್ ಯಂತ್ರದ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿದುದೇ ಈ ಒಲೆಗೆ ಮೂಲವೆಂಬ ವೃತ್ತಾಂತವು ಪ್ರಸಿದ್ಧವಾಗಿದೆ. ಅವರು ಹೈಸ್ಕೂಲಿನ ಮೆಟ್ಟಿಲನ್ನೇ ಹತ್ತಿದವರಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ನಮಗೆ ತುಸು ಸಂಕೋಚವಾಗುವುದುಂಟು!

ನಿಜವಾದ ಅಪಾಯವಿರುವುದು ಕಿರಣದಲ್ಲಲ್ಲ, ಬಿಸಿಯು ಸಮನಾಗಿ ಹರಡದಿರುವುದರಲ್ಲಿ. ತರಂಗಗಳು ಆಹಾರದೊಳಗೆ ಸುಮಾರು ಒಂದು ಒಂದೂವರೆ ಅಂಗುಲ ಹೋಗುವಷ್ಟರಲ್ಲಿ ಬಹುಮಟ್ಟಿಗೆ ಬಲಗುಂದುತ್ತವೆ. ನಡುಭಾಗವು ಹೊರಗಿನ ಬಿಸಿ ಮೆಲ್ಲಮೆಲ್ಲನೆ ಒಳಸೇರಿಯೇ ಕಾಯಬೇಕು. ಇದಲ್ಲದೆ, ಪೆಟ್ಟಿಗೆಯ ಲೋಹದ ಗೋಡೆಗಳಿಗೆ ತಾಗಿ ಹಿಂದಿರುಗುವ ತರಂಗಗಳು ಒಂದೆಡೆ ಕೂಡಿ ಬಲವಾಗುತ್ತವೆ, ಇನ್ನೊಂದೆಡೆ ಪರಸ್ಪರ ಅಳಿಸಿಕೊಳ್ಳುತ್ತವೆ. ತಿರುಗುವ ಗಾಜಿನ ತಟ್ಟೆ ಈ ದೋಷವನ್ನು ಕಡಮೆಮಾಡುತ್ತದೆ, ನೀಗಿಸುವುದಿಲ್ಲ. ಆದುದರಿಂದಲೇ ಅಂಚಿನಲ್ಲಿ ಹಬೆಯಾಡುವ ಅನ್ನವು ನಡುವೆ ತಣ್ಣಗಿರುತ್ತದೆ, ಆ ತಂಪಿನಲ್ಲಿ ರೋಗಾಣುಗಳು ಬದುಕಿ ಉಳಿಯುತ್ತವೆ. ಉಳಿದ ಆಹಾರವನ್ನು ಮತ್ತೆ ಕಾಯಿಸುವಾಗ ನಡುಭಾಗವೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಷ್ಟಾದರೆ ಬಗೆದು ನೋಡಿದಲ್ಲೆಲ್ಲಾ ಹಬೆ ಏಳುತ್ತದೆ.

ಶಾಲೆಯ ಗಂಟೆಗೆ ಥಟ್ಟನೆ ಏಳುವ ಮಕ್ಕಳು ಒಲೆಯ ಗಂಟೆಗೂ ಹಾಗೆಯೇ ಏಳುತ್ತಾರೆ. ಆ ಗಂಟೆಯು ಹೊತ್ತಾಯಿತೆಂದು ಹೇಳಬಲ್ಲುದೇ ಹೊರತು ಕಾದಿದೆಯೆಂದು ಹೇಳಲಾರದು. ಅನ್ನವನ್ನು ಗುಡ್ಡೆಹಾಕದೆ ತೆಳ್ಳಗೆ ಹರಡಿ, ಕೊಂಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿಡಬೇಕು. ಅರ್ಧಹೊತ್ತಿಗೆ ಒಲೆ ನಿಲ್ಲಿಸಿ ಅಂಚಿನದನ್ನು ನಡುವಿಗೂ ನಡುವಿನದನ್ನು ಅಂಚಿಗೂ ತಿರುವಬೇಕು. ಕೊನೆಗೆ ಎರಡು ನಿಮಿಷ ಮುಚ್ಚಿದಂತೆಯೇ ಬಿಟ್ಟರೆ ಬಿಸಿಯು ಒಳಕ್ಕೆ ಇಳಿಯುತ್ತದೆ. ಹಸಿದ ಮಗುವಿಗೆ ಈ ಎರಡು ನಿಮಿಷಗಳೇ ಕಷ್ಟ! ಮಂಜುಗಟ್ಟಿದ ಮಾಂಸದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಂಜು ಈ ತರಂಗಗಳನ್ನು ಬಹು ಕಡಮೆ ಹೀರುತ್ತದೆ, ಕರಗಿದ ನೀರು ಬಹಳ ಹೀರುತ್ತದೆ. ಆದುದರಿಂದ ಒಂದು ಮೂಲೆ ಬೇಯುತ್ತಿರುವಾಗ ಇನ್ನೊಂದು ಮೂಲೆ ಕಲ್ಲಿನಂತಿರುತ್ತದೆ.

ಹೊರಗೇ ಬಹಳ ಹೊತ್ತು ಇಟ್ಟ ಅನ್ನಕ್ಕಂತೂ ಯಾವ ಒಲೆಯೂ ಉಪಾಯವಲ್ಲ. ಅದರಲ್ಲಿ ಬೆಳೆಯುವ ಒಂದು ಬಗೆಯ ರೋಗಾಣುವಿನ ವಿಷವು ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ.

ಇದನ್ನೆಲ್ಲಾ ಗೃಹವಿಜ್ಞಾನದ ತರಗತಿಯಲ್ಲಿ ನಾವು ಕಲಿಸಬೇಕು, ಮನೆಯಲ್ಲಿ ನೀವು ಕಲಿಸಬೇಕು, ಹುಡುಗರಿಗೂ ಕಲಿಸಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಹುಡುಗಿ ಬಂದು ಬಿಸಿಮಾಡಿಕೊಡಲೆಂದು ಕಾದು ಕೂರುವ ಅಣ್ಣಂದಿರನ್ನು ಬೆಳೆಸಲು ಈ ಒಲೆಯನ್ನು ಕೊಂಡುದಲ್ಲವಷ್ಟೆ. ಚಿಪ್ಪಿನೊಡನೆ ಮೊಟ್ಟೆಯನ್ನಿಟ್ಟರೆ ಸಿಡಿಯುತ್ತದೆಂದೂ, ಮುಚ್ಚಳವನ್ನು ಮುಖದ ಕಡೆಯಿಂದಲ್ಲ, ಆಚೆಯ ಅಂಚಿನಿಂದ ಎತ್ತಬೇಕೆಂದೂ ಒಮ್ಮೆ ಎದುರಿಗೆ ಮಾಡಿ ತೋರಿಸಿರಿ. ಒಲೆಯನ್ನು ಎತ್ತರದ ಗೂಡಿನಲ್ಲಿಟ್ಟಿದ್ದರೆ ಮಗುವಿನ ಎದೆಮಟ್ಟಕ್ಕಿಂತ ಕೆಳಗೆ ಇಳಿಸಿರಿ. ಕುದಿಯುವ ಸಾರಿನ ಬಟ್ಟಲನ್ನು ಯಾವ ಮಗುವೂ ತಲೆಯ ಮೇಲಿನಿಂದ ಇಳಿಸುವಂತಾಗಬಾರದು.