ಸಹಿ ಹಾಕುವ ಎಂಜಿನಿಯರ್ ಯಾರು?

ಪ್ರತಿವರ್ಷ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆ ನಡೆಯುತ್ತದೆ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲಾರ್ಪಣೆಯಾಗುತ್ತದೆ. ಪುಣೆಯಲ್ಲಿ ವ್ಯಾಸಂಗ ಮಾಡಿ, ಮುಂಬಯಿ ಸರ್ಕಾರದ ಸೇವೆಯಲ್ಲಿ ದುಡಿದು, ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿ, 1908ರ ಮೂಸಿ ಪ್ರವಾಹದ ಬಳಿಕ ಹೈದರಾಬಾದಿನ ರಕ್ಷಣೆಗೆ ಯೋಜನೆ ಹಾಕಿಕೊಟ್ಟ ಆ ಮಹನೀಯರು ಹೊರನಾಡ ಕನ್ನಡಿಗರಿಗೆ ಇನ್ನಷ್ಟು ಹತ್ತಿರದವರು. ಆದರೆ ಅವರ ವೃತ್ತಿಗೆ ಈ ದೇಶದಲ್ಲಿ ಇಂದಿಗೂ ಶಾಸನಬದ್ಧವಾದ ರಾಷ್ಟ್ರೀಯ ನೋಂದಣಿ ಇಲ್ಲವೆಂಬ ಮಾತನ್ನು ಆ ವೇದಿಕೆಗಳಲ್ಲಿ ಎತ್ತುವವರು ವಿರಳ.

ಲೆಕ್ಕಪರಿಶೋಧಕರಿಗೆ 1949ರ, ವಕೀಲರಿಗೆ 1961ರ, ವಾಸ್ತುಶಿಲ್ಪಿಗಳಿಗೆ 1972ರ ಕಾಯಿದೆಗಳಿವೆ. ಎಂಜಿನಿಯರುಗಳಿಗೆ ಅಂಥದ್ದಿಲ್ಲ. ಕಟ್ಟಡದ ನಕ್ಷೆ ಬರೆಯುವ ಆರ್ಕಿಟೆಕ್ಟ್ ತನ್ನ ಪರಿಷತ್ತಿಗೆ ಉತ್ತರಿಸಬೇಕು. ಅದೇ ಕಟ್ಟಡದ ಕಂಬ, ತೊಲೆಗಳು ಎಷ್ಟು ಭಾರ ಹೊರಬಲ್ಲವೆಂದು ಲೆಕ್ಕ ಹಾಕುವವರಿಗೆ ಉತ್ತರ ಕೇಳುವ ಅಂಥ ಪರಿಷತ್ತೇ ಇಲ್ಲ. 1920ರಲ್ಲಿ ಸ್ಥಾಪಿತವಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ‘ಚಾರ್ಟರ್ಡ್ ಎಂಜಿನಿಯರ್’ ಎಂಬ ಮನ್ನಣೆ ನೀಡುತ್ತದೆ ನಿಜ, ಅದನ್ನು ಪಡೆಯುವುದು ಮಾತ್ರ ಅವರವರ ಇಚ್ಛೆ. ನಗರಪಾಲಿಕೆಗಳು ತಮ್ಮ ತಮ್ಮ ಪಟ್ಟಿಗಳನ್ನು ಇಟ್ಟುಕೊಂಡಿವೆ. ಒಂದೂರಿನ ಪಟ್ಟಿಯಿಂದ ಹೆಸರು ಹೋದವನು ಇನ್ನೊಂದೂರಿನಲ್ಲಿ ಸಹಿ ಹಾಕಿದರೆ ಹಿಡಿಯುವುದು ಹೇಗೆ?

ಲೆಕ್ಕಪರಿಶೋಧಕನ ಪ್ರತಿಯೊಂದು ಪ್ರಮಾಣಪತ್ರಕ್ಕೂ 2019ರಿಂದ 18 ಅಂಕಿಗಳ ಯುಡಿಐಎನ್ ಸಂಖ್ಯೆ ಕಡ್ಡಾಯ. ಬ್ಯಾಂಕಿನ ಗುಮಾಸ್ತನೂ ಅದನ್ನು ಪರೀಕ್ಷಿಸಬಹುದು. ಸಾಲದ ಕಾಗದಕ್ಕೆ ಇರುವ ಈ ಎಚ್ಚರ ಹತ್ತಂತಸ್ತಿನ ಮನೆಗಳಿಗೆ ಇಲ್ಲದಿರುವುದು ವಿಚಿತ್ರವೇ ಸರಿ. 2014ರಲ್ಲಿ ಚೆನ್ನೈನ ಮೌಲಿವಾಕ್ಕಂನಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 61 ಮಂದಿ ಸತ್ತರು. ಅವರಲ್ಲಿ ಬಹುಪಾಲು ಕೂಲಿಕಾರರು.

ನೋಂದಣಿಯೊಂದೇ ಪ್ರಾಣ ಉಳಿಸದು. 2019ರ ಮಾರ್ಚಿನಲ್ಲಿ ಮುಂಬಯಿಯ ಸಿಎಸ್‌ಎಂಟಿ ಬಳಿ ಬಿದ್ದ ಪಾದಚಾರಿ ಸೇತುವೆಗೆ ಅಲ್ಪಸ್ವಲ್ಪ ದುರಸ್ತಿ ಸಾಕೆಂದು ಪರಿಶೋಧನಾ ವರದಿಯೇ ಹೇಳಿತ್ತು. ಲೆಕ್ಕಪರಿಶೋಧಕರ ಕಾಯಿದೆ ಇದ್ದಾಗಲೇ ಸತ್ಯಂ ಹಗರಣವೂ ನಡೆಯಿತು. ಆದರೆ ಆಗ ವಿಚಾರಣೆ ನಡೆಸಿ ಸದಸ್ಯತ್ವ ಕಿತ್ತುಕೊಳ್ಳಲು ಒಂದು ಸಂಸ್ಥೆಯಿತ್ತು. ಎಂಜಿನಿಯರನ ವಿಷಯದಲ್ಲಿ ಎಲ್ಲವೂ ಪೊಲೀಸ್ ಠಾಣೆಯಿಂದಲೇ ಆರಂಭವಾಗುತ್ತದೆ, ಅದೂ ಹೆಣ ಬಿದ್ದ ಮೇಲೆ.

2025ರಲ್ಲಿ ಎಐಸಿಟಿಇ ವೃತ್ತಿಪರ ಎಂಜಿನಿಯರುಗಳ ಮಸೂದೆಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿತು. ಇದು ಮತ್ತೊಂದು ಲೈಸೆನ್ಸ್ ರಾಜ್ಯಕ್ಕೆ ದಾರಿಯೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ತಂತ್ರಾಂಶ ಬರೆಯುವ ಪ್ರತಿಯೊಬ್ಬ ತರುಣನಿಗೂ ಶುಲ್ಕ, ನವೀಕರಣಗಳ ಹೊರೆ ಹೊರಿಸುವುದರಲ್ಲಿ ಅರ್ಥವಿಲ್ಲ. ಸೇತುವೆ, ಕಟ್ಟಡ, ಲಿಫ್ಟ್, ಬಾಯ್ಲರ್, ವಿದ್ಯುತ್ ಜಾಲ ಇವುಗಳಿಗೆ ಸಹಿ ಹಾಕುವವರಿಂದ ಆರಂಭಿಸಿದರೆ ಸಾಕು.

ಶಾಸನ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ರಚನಾ ಪರಿಶೋಧನೆ ಕಡ್ಡಾಯ. ಸೊಸೈಟಿಯ ಸಭೆಯಲ್ಲಿ ಮೂರು ಕೊಟೇಶನ್ ತೆರೆದು ಅಗ್ಗದ್ದಕ್ಕೆ ಕೈ ಎತ್ತುವವರಲ್ಲಿ ನಮ್ಮ ಸಮಾಜದ ಗೃಹಸ್ಥರೂ ಇದ್ದಾರೆ. ಸಮಾಜದ ವಿದ್ಯಾರ್ಥಿನಿಲಯ, ಸಭಾಭವನಗಳ ಕಟ್ಟಡ ಸಮಿತಿಗಳೂ ದಾನಿಗಳ ಹೆಸರಿನ ಶಿಲಾಫಲಕಕ್ಕೆ ಕೊಡುವ ಗಮನವನ್ನು ಎಂಜಿನಿಯರನ ಅರ್ಹತೆಗೆ ಕೊಡುವುದಿಲ್ಲ. ಆತನ ನೋಂದಣಿ ಸಂಖ್ಯೆ ಯಾವುದು, ಹಿಂದೆ ಪರಿಶೀಲಿಸಿದ ಕಟ್ಟಡಗಳು ಯಾವುವು, ಮಾಳಿಗೆ ಹತ್ತಿ ನೋಡುವವನು ಆತನೋ ಅಥವಾ ಆತನ ಸಹಾಯಕನೋ ಎಂಬುದನ್ನು ಕೊಟೇಶನ್ ತೆರೆಯುವ ಮೊದಲೇ ಲಿಖಿತವಾಗಿ ಕೇಳಿ ಪಡೆಯಬೇಕು.